ಸೊನ್ನೆ ಎಲ್ಲಿದೆ?

ಸಿಡಿ ಪ್ಲೇಯರ್ ಕೆಟ್ಟಾಗ ನಮ್ಮ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಲೆನ್ಸ್ ಹೋಗಿದೆ.’ ನಿಜವಾಗಿ ಲೆನ್ಸ್ ಎಲ್ಲಿಗೂ ಹೋಗಿರುವುದಿಲ್ಲ. ಅದು ಬಟಾಣಿ ಕಾಳಿನಗಲದ ಪ್ಲಾಸ್ಟಿಕ್ ತುಣುಕು. ಧೂಳು ಹಿಡಿಯಬಹುದು, ಹೊಗೆಯ ಮಬ್ಬು ಕೂರಬಹುದು, ಅಷ್ಟೇ. ಸವೆಯುವುದು ಅದರ ಕೆಳಗೆ ಕಾಣದೆ ಕೂತಿರುವ ಲೇಸರ್ ಡಯೋಡ್. ಆದರೆ ಅಂಗಡಿಯ ಭಾಷೆಯಲ್ಲಿ ಲೆನ್ಸ್ ಅಂದರೆ ಇಡೀ ಪಿಕಪ್: ಡಯೋಡು, ಕನ್ನಡಿ, ಲೆನ್ಸು, ಅದನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುವ ಕಾಯಿಲ್‌ಗಳು, ಡಿಸ್ಕಿಗೆ ಬಡಿದು ಮರಳಿದ ಬೆಳಕನ್ನು ಹಿಡಿಯುವ ಫೋಟೊಡಯೋಡ್‌ಗಳು, ಎಲ್ಲ ಸೇರಿ. ಸೋನಿಯ ಕೆಎಸ್‌ಎಸ್-240ಎ ಅಂಥದೊಂದು ಪಿಕಪ್. 1990ರ ದಶಕದಲ್ಲಿ ಎಷ್ಟೋ ಬ್ರಾಂಡ್‌ಗಳ ಹೊಟ್ಟೆಯಲ್ಲಿ ಇದ್ದದ್ದು ಅದೇ. ಬದಲಿಸುವುದು ದೊಡ್ಡ ಕೆಲಸವಲ್ಲ. ಜಾರುಕಂಬಿಯಿಂದ ಹಳೆಯದನ್ನು ಎಳೆದು, ರಿಬ್ಬನ್ ಕೇಬಲ್ ಬಿಡಿಸಿ, ಹೊಸದನ್ನು ಕೂರಿಸಿದರೆ ಹಾಡು ಬರುತ್ತದೆ. ಬಂದ ಮೇಲೆ ಮುಚ್ಚಳ ಮುಚ್ಚಿ ಗಿರಾಕಿಗೆ ಕೊಡುವುದು ವಾಡಿಕೆ. ಆ ವಾಡಿಕೆ ತಪ್ಪು ಅನ್ನುವುದು ಈ ಅಧ್ಯಾಯದ ವಾದ. ಹೊಸ ಲೇಸರನ್ನು ಹೊಂದಿಸುವುದೆಂದರೆ ಬೆಳಕನ್ನು ಗುರಿಗೆ ಹಿಡಿಯುವುದು ಎಂದು ನಾವು ತಿಳಿದಿರುತ್ತೇವೆ. ಗುರಿ ಹಿಡಿಯುವ ಕೆಲಸ ಯಂತ್ರದ್ದು, ಅದನ್ನು ಅದು ನಮಗಿಂತ ಸಾವಿರ ಪಾಲು ಚೆನ್ನಾಗಿ ಮಾಡುತ್ತದೆ. ಮನುಷ್ಯನ ಪಾಲಿಗೆ ಉಳಿದಿರುವುದು ಆ ಯಂತ್ರಕ್ಕೆ ಅದರ ಸೊನ್ನೆ ಎಲ್ಲಿದೆ ಎಂದು ಹೇಳಿಕೊಡುವುದು. ಆ ಸೊನ್ನೆ ಸರಿಯೋ ತಪ್ಪೋ ಎಂಬುದು ಹಾಡು ಕೇಳಿದರೆ ಗೊತ್ತಾಗುವುದಿಲ್ಲ.

ಅಳತೆಗಳಿಂದ ಶುರುಮಾಡೋಣ. ಸಿಡಿಯ ಮೇಲಿರುವುದು ಒಂದೇ ಒಂದು ಸುರುಳಿಗೆರೆ. ನಡುವಿನಿಂದ 25 ಮಿಲಿಮೀಟರ್ ದೂರದಲ್ಲಿ ಹಾಡು ಶುರುವಾಗಿ ಅಂಚಿನ ಕಡೆಗೆ, 58 ಮಿಲಿಮೀಟರ್‌ವರೆಗೆ ಸುತ್ತಿಕೊಂಡು ಹೋಗುತ್ತದೆ. 74 ನಿಮಿಷದ ಡಿಸ್ಕಿನ ಗೆರೆಯನ್ನು ಬಿಡಿಸಿ ನೆಟ್ಟಗೆ ಹಾಸಿದರೆ ಐದು ಕಿಲೋಮೀಟರಿಗೂ ಮಿಗಿಲು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಗೆರೆಯುದ್ದಕ್ಕೂ ಇರುವ ಕುಳಿಗಳ ಅಗಲ ಅರ್ಧ ಮೈಕ್ರಾನಿನ ಆಸುಪಾಸು, ಆಳ ಒಂದು ಮೈಕ್ರಾನಿನ ಹತ್ತನೇ ಒಂದಕ್ಕಿಂತ ಚೂರು ಹೆಚ್ಚು. ಆ ಆಳ ಬೇಕಾಬಿಟ್ಟಿ ಆರಿಸಿದ್ದಲ್ಲ. ಲೇಸರಿನ ಬೆಳಕಿನ ಅಲೆಯುದ್ದ ಗಾಳಿಯಲ್ಲಿ 780 ನ್ಯಾನೊಮೀಟರ್. ಡಿಸ್ಕಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನೊಳಗೆ ಅದು ಸುಮಾರು 500ಕ್ಕೆ ಕುಗ್ಗುತ್ತದೆ. ಕುಳಿಯ ಆಳ ಈ ಕುಗ್ಗಿದ ಅಲೆಯ ನಾಲ್ಕನೇ ಒಂದು ಭಾಗದ ಹತ್ತಿರವಿರುವುದರಿಂದ, ಕುಳಿಯಿಂದ ಮರಳಿದ ಬೆಳಕೂ ಅದರ ಸುತ್ತಲಿನ ಸಪಾಟಿನಿಂದ ಮರಳಿದ ಬೆಳಕೂ ಒಂದನ್ನೊಂದು ಅಳಿಸುತ್ತವೆ. ಕುಳಿ ಬಂದಾಗ ಫೋಟೊಡಯೋಡಿಗೆ ಮಬ್ಬು, ಸಪಾಟು ಬಂದಾಗ ಬೆಳಕು. ಓದಬೇಕಾದದ್ದು ಇಷ್ಟೇ. ಆದರೆ ಓದುವ ಬೆಳಕಿನ ಚುಕ್ಕೆ 1.7 ಮೈಕ್ರಾನಿಗಿಂತ ಅಗಲವಾಗದಂತೆ ನೋಡಿಕೊಳ್ಳಬೇಕೆಂದರೆ ಲೆನ್ಸು ಡಿಸ್ಕಿನಿಂದ ತನ್ನ ಸರಿಯಾದ ದೂರವನ್ನು ಎರಡು ಮೈಕ್ರಾನಿನ ಹೆಚ್ಚುಕಡಿಮೆಯೊಳಗೆ ಕಾಯ್ದುಕೊಳ್ಳಬೇಕು. ತಿರುಗುವ ಡಿಸ್ಕಾದರೋ ಅರ್ಧ ಮಿಲಿಮೀಟರಿನವರೆಗೂ ಮೇಲೆ ಕೆಳಗೆ ತೂಗಾಡಬಹುದು. ನಡುವಿನ ತೂತು ಸುರುಳಿಯ ನಿಜವಾದ ನಡುವಿನಿಂದ 70 ಮೈಕ್ರಾನಿನಷ್ಟು ಆಚೀಚೆ ಇರಲು ಮಾನದಂಡದಲ್ಲೇ ಅವಕಾಶವಿದೆ. ಅಂದರೆ ಒಂದು ತಲೆಗೂದಲಿನ ದಪ್ಪ, ಅಂದರೆ ನಲವತ್ತಕ್ಕೂ ಹೆಚ್ಚು ಗೆರೆಗಳು. ಈ ತೂಗಾಟ ಒಳಸುತ್ತಿನಲ್ಲಿ ಸೆಕೆಂಡಿಗೆ ಎಂಟು ಸಲ ಬರುತ್ತದೆ. ಯಾವ ಸ್ಕ್ರೂಡ್ರೈವರಿನಿಂದಲೂ ಇದನ್ನು ಹಿಡಿದು ನಿಲ್ಲಿಸಲಾಗದು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ಸಿಡಿಪಿ-101ರ ನಿಜವಾದ ಅಚ್ಚರಿ ಅದರ ಲೇಸರ್ ಎಂದು ಅನೇಕರು ಬರೆದಿದ್ದಾರೆ. ಆದರೆ ಕೋಣೆಯ ಬಿಸಿಯಲ್ಲಿ ಎಡೆಬಿಡದೆ ಬೆಳಗುವ ಡಯೋಡ್ ಲೇಸರ್ 1970ರಲ್ಲೇ ಸಿದ್ಧವಾಗಿತ್ತು. ನನ್ನ ಮಟ್ಟಿಗೆ ಅಚ್ಚರಿ ಅದರ ಸರ್ವೊ: ತಪ್ಪಿದ್ದನ್ನು ಕ್ಷಣಕ್ಷಣಕ್ಕೂ ಅಳೆದು, ಲೆನ್ಸನ್ನು ಕಾಯಿಲ್‌ಗಳಿಂದ ತಳ್ಳಿ ಎಳೆದು ಸರಿಪಡಿಸುತ್ತಲೇ ಇರುವ ಮಂಡಲ.

ಈಗ ಆ ಸರ್ವೊ ‘ತಪ್ಪಿದೆ’ ಎಂದು ಹೇಗೆ ತಿಳಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ವಾದದ ಬೇರು ಇರುವುದು ಅಲ್ಲಿ. ಡಿಸ್ಕಿನಿಂದ ಮರಳಿದ ಬೆಳಕು ಒಂದು ಉರುಳೆಯಾಕಾರದ ಲೆನ್ಸಿನ ಮೂಲಕ ಹಾದು ನಾಲ್ಕು ಮನೆಗಳಾಗಿ ಹೋಳಾದ ಫೋಟೊಡಯೋಡಿನ ಮೇಲೆ ಬೀಳುತ್ತದೆ. ಮನೆಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು. ದೂರ ಸರಿಯಿದ್ದರೆ ಬೀಳುವ ಚುಕ್ಕೆ ದುಂಡಗೆ, ನಾಲ್ಕು ಮನೆಗೂ ಸಮಪಾಲು. ಡಿಸ್ಕು ಹತ್ತಿರ ಬಂದರೆ ಚುಕ್ಕೆ ಒಂದು ಮೂಲೆಯಿಂದ ಎದುರು ಮೂಲೆಗೆ ಮೊಟ್ಟೆಯ ಹಾಗೆ ಉದ್ದವಾಗುತ್ತದೆ. ದೂರ ಹೋದರೆ ಇನ್ನೊಂದು ಜೋಡಿ ಮೂಲೆಗಳ ಕಡೆಗೆ. ಆದ್ದರಿಂದ ಎ ಮತ್ತು ಸಿಗಳ ಮೊತ್ತದಿಂದ ಬಿ ಮತ್ತು ಡಿಗಳ ಮೊತ್ತ ಕಳೆದರೆ ಬರುವ ಅಂಕಿಯೇ ತಪ್ಪಿನ ಅಳತೆ: ಕೂಡು ಬಂದರೆ ಒಂದು ಕಡೆ ತಪ್ಪಿದೆ, ಕಳೆ ಬಂದರೆ ಇನ್ನೊಂದು ಕಡೆ, ಸೊನ್ನೆ ಬಂದರೆ ಎಲ್ಲ ಸರಿ. ಸರ್ವೊ ಮಾಡುವುದೆಲ್ಲ ಆ ಅಂಕಿಯನ್ನು ಸೊನ್ನೆಯಲ್ಲಿ ಇಡುವುದು. ಆದರೆ ನಾಲ್ಕು ಮನೆಗಳು ಬೆಳಕಿಗೆ ಒಂದೇ ಸಮ ಸ್ಪಂದಿಸುತ್ತವೆ ಎಂದೇನೂ ಇಲ್ಲ. ಅವುಗಳ ಹಿಂದಿನ ಆಂಪ್ಲಿಫಯರುಗಳೂ ಅಷ್ಟೇ, ಒಂದೆರಡು ಮಿಲಿವೋಲ್ಟಿನ ಓರೆ ಇದ್ದೇ ಇರುತ್ತದೆ. ಖಾಲಿ ತಟ್ಟೆಯಲ್ಲೇ ಮುಳ್ಳು ಓರೆಯಾಗಿರುವ ತಕ್ಕಡಿ ಎಷ್ಟು ಸೂಕ್ಷ್ಮವಾಗಿದ್ದರೂ ಪ್ರತಿ ಸಲವೂ ಅಷ್ಟೇ ತಪ್ಪು ತೂಗುತ್ತದಲ್ಲ, ಇದೂ ಹಾಗೆಯೇ. ವಿದ್ಯುತ್ತಿನ ಸೊನ್ನೆಯೂ ಬೆಳಕಿನ ಸೊನ್ನೆಯೂ ಒಂದೇ ಕಡೆ ಇಲ್ಲದಿದ್ದರೆ ಸರ್ವೊ ಲೆನ್ಸನ್ನು ತಪ್ಪು ದೂರದಲ್ಲಿ ಬಹಳ ನಿಖರವಾಗಿ ಹಿಡಿದು ನಿಲ್ಲಿಸುತ್ತದೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಆಳಿಗೆ ವಿಳಾಸವನ್ನೇ ತಪ್ಪಾಗಿ ಬರೆದುಕೊಟ್ಟಂತೆ. ಹಳೆಯ ಪ್ಲೇಯರುಗಳ ಸರ್ಕ್ಯೂಟ್ ಬೋರ್ಡಿನಲ್ಲಿ ಫೋಕಸ್ ಆಫ್‌ಸೆಟ್ ಅಥವಾ ಫೋಕಸ್ ಬಯಾಸ್ ಎಂದು ಬರೆದ ಒಂದು ಪುಟ್ಟ ಪ್ರಿಸೆಟ್, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟರ್, ಇರುತ್ತದೆ. ಅದು ಲೆನ್ಸನ್ನು ಏರಿಸಿ ಇಳಿಸುವ ಸ್ಕ್ರೂ ಎಂದು ತಿಳಿದವರಿದ್ದಾರೆ. ಅದು ತಿದ್ದುವುದು ಈ ವಿಳಾಸವನ್ನು.

ಗೆರೆ ಹಿಡಿಯುವ ವ್ಯವಸ್ಥೆ ಇನ್ನೂ ಸ್ವಾರಸ್ಯದ್ದು. ಮೂರು ಕಿರಣಗಳ ಪಿಕಪ್‌ನಲ್ಲಿ ಡಯೋಡಿನ ಎದುರಿಗೆ ಕೂದಲಿಗಿಂತ ಸಣ್ಣ ಗೀರುಗಳಿರುವ ಒಂದು ಗ್ರೇಟಿಂಗ್ ಇರುತ್ತದೆ. ಅದು ಕಿರಣವನ್ನು ಒಂದು ಮುಖ್ಯ ಚುಕ್ಕೆ, ಎರಡು ಪಕ್ಕದ ಚುಕ್ಕೆಗಳಾಗಿ ಸೀಳುತ್ತದೆ. ಪಕ್ಕದ ಚುಕ್ಕೆಗಳಲ್ಲಿ ಒಂದು ಮುಖ್ಯ ಚುಕ್ಕೆಗಿಂತ ಸುಮಾರು 20 ಮೈಕ್ರಾನ್ ಮುಂದೆ, ಇನ್ನೊಂದು ಅಷ್ಟೇ ಹಿಂದೆ. ಅಡ್ಡಕ್ಕೆ ಒಂದು ಗೆರೆಯ ಎಡ ಮಗ್ಗುಲಿಗೆ, ಒಂದು ಬಲ ಮಗ್ಗುಲಿಗೆ, ಗೆರೆಯಂತರದ ಕಾಲುಭಾಗ, ಅಂದರೆ 0.4 ಮೈಕ್ರಾನ್ ಸರಿದಿರಬೇಕು. ಈ ಎರಡರ ಬೆಳಕು ಇ ಮತ್ತು ಎಫ್ ಎಂಬ ಎರಡು ಡಯೋಡ್‌ಗಳಿಗೆ ಹೋಗುತ್ತದೆ. ಅವುಗಳ ವ್ಯತ್ಯಾಸ ಸೊನ್ನೆಯಾದರೆ ಮುಖ್ಯ ಚುಕ್ಕೆ ಗೆರೆಯ ನಡುವಿನಲ್ಲಿದೆ ಎಂದು ಲೆಕ್ಕ. ಈಗ ಸ್ವಲ್ಪ ಗಣಿತ ಮಾಡಿ ನೋಡಿ. 20 ಮೈಕ್ರಾನಿಗೆ 0.4 ಮೈಕ್ರಾನ್ ಓರೆ ಎಂದರೆ ಕೋನ ಒಂದು ಡಿಗ್ರಿಗಿಂತ ಚೂರು ಹೆಚ್ಚು. ಗ್ರೇಟಿಂಗ್ ಆ ಒಂದು ಡಿಗ್ರಿಯಷ್ಟು ಹಿಂದಕ್ಕೆ ತಿರುಗಿದರೆ ಮೂರೂ ಚುಕ್ಕೆಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ, ಇ ಮತ್ತು ಎಫ್ ಎಂದೆಂದೂ ಸಮ, ಸರ್ವೊಗೆ ಕಣ್ಣೇ ಇಲ್ಲ. ಇನ್ನೂ ಒಂದು ಡಿಗ್ರಿ ಹೋದರೆ ಎಡ ಬಲ ಅದಲುಬದಲು. ಎಡಕ್ಕೆ ಹೋಗು ಎಂದಾಗ ಲೆನ್ಸು ಬಲಕ್ಕೆ ಹೋಗುತ್ತದೆ. ಹಳೆಯ ಪಿಕಪ್‌ಗಳಲ್ಲಿ ಇದನ್ನು ಹೊಂದಿಸುವ ರೀತಿಯೇ ಈ ಗಣಿತದ ರೂಪ: ಟ್ರ್ಯಾಕಿಂಗ್ ಸರ್ವೊ ಬಂದ್ ಮಾಡಿ, ಆಸಿಲೋಸ್ಕೋಪಿನಲ್ಲಿ ಟ್ರ್ಯಾಕಿಂಗ್ ಎರರ್, ಅಂದರೆ ಆ ಇ-ಎಫ್ ವ್ಯತ್ಯಾಸ, ನೋಡುತ್ತ, ಗ್ರೇಟಿಂಗನ್ನು ತಿರುಗಿಸುತ್ತ ಅಲೆ ಅಡಗಿ ಹೋಗುವ ಬಿಂದುವನ್ನು ಮೊದಲು ಹುಡುಕಬೇಕು. ಮೂರು ಚುಕ್ಕೆ ಒಂದೇ ಸಾಲಿಗೆ ಬಂದವು ಎಂಬುದಕ್ಕೆ ಅದೇ ಗುರುತು. ಅಲ್ಲಿಂದ ಕೈಪಿಡಿ ಹೇಳಿದ ದಿಕ್ಕಿಗೆ ಮೆಲ್ಲಗೆ ತಿರುಗಿಸಿದರೆ ಅಲೆ ಬೆಳೆಯುತ್ತ ಬೆಳೆಯುತ್ತ ಮೊದಲ ಗರಿಷ್ಠಕ್ಕೆ ಬರುತ್ತದೆ, ಅಲ್ಲಿ ನಿಲ್ಲಿಸಬೇಕು. ಏನೂ ಕಾಣದ ಜಾಗವನ್ನು ಕಂಡುಕೊಂಡೇ ಸರಿಯಾದ ಜಾಗಕ್ಕೆ ಹೋಗುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯದು.

‘ಹೊಸ ಪಿಕಪ್‌ಗಳಲ್ಲಿ ಗ್ರೇಟಿಂಗನ್ನು ಕಾರ್ಖಾನೆಯಲ್ಲೇ ಅಂಟಿಸಿ ಕಳಿಸುತ್ತಾರಲ್ಲ, ಮತ್ತೇಕೆ ತಲೆನೋವು?’ ಇದು ಮೊದಲ ಆಕ್ಷೇಪ, ಅರ್ಧ ನಿಜವೂ ಹೌದು. 1990ರ ದಶಕದ ಬಹುಪಾಲು ಪಿಕಪ್‌ಗಳಲ್ಲಿ ಒಳಗಿನ ಬೆಳಕಿನ ದಾರಿ ಕಾರ್ಖಾನೆಯಲ್ಲೇ ಭದ್ರವಾಗಿರುತ್ತದೆ. ಅದಕ್ಕೆ ಕೈಹಾಕಲು ಕಿಂಡಿಯೂ ಇಲ್ಲ, ಹಾಕಲೂಬಾರದು. ಆದರೆ ಪಿಕಪ್ ಒಬ್ಬಂಟಿಯಾಗಿ ಓದುವುದಿಲ್ಲ. ಅದರ ಸುತ್ತಲಿನ ಬೋರ್ಡಿನ ಮೇಲೆ ಫೋಕಸ್ ಆಫ್‌ಸೆಟ್, ಇ-ಎಫ್ ಬ್ಯಾಲೆನ್ಸ್, ಫೋಕಸ್ ಗೇನ್, ಟ್ರ್ಯಾಕಿಂಗ್ ಗೇನ್ ಎಂಬ ಪ್ರಿಸೆಟ್‌ಗಳಿವೆ. ಅವನ್ನು ಹೊಂದಿಸಿದ್ದು ಹಳೆಯ ಪಿಕಪ್‌ನ ಓರೆಕೋರೆಗಳಿಗೆ. ಅದರ ಇ ಡಯೋಡ್ ಮಂದವಾಗಿತ್ತೆಂದು ಬ್ಯಾಲೆನ್ಸನ್ನು ಒಂದು ಕಡೆಗೆ ತಿರುಗಿಸಿದ್ದರು. ಹೊಸದರಲ್ಲಿ ಎಫ್ ಮಂದವಾಗಿದ್ದರೆ ತಪ್ಪು ದುಪ್ಪಟ್ಟಾಯಿತು. ಒಬ್ಬರ ಕಣ್ಣಿಗೆ ಬರೆದುಕೊಟ್ಟ ಕನ್ನಡಕವನ್ನು ಇನ್ನೊಬ್ಬರ ಮೂಗಿಗೇರಿಸಿದ ಹಾಗೆ. ಕಣ್ಣು ಎಷ್ಟೇ ಚೆನ್ನಾಗಿದ್ದರೂ ನೋಟ ಮಸುಕು. ಇನ್ನು ಪಿಕಪ್ ಓಡಾಡುವ ದಾರಿಯ ಮಾತು. ಮುಖ್ಯ ಚುಕ್ಕೆ ಒಳಗಿನಿಂದ ಹೊರಗೆ ಸಾಗುವ ಸರಳರೇಖೆ ಮೋಟಾರಿನ ಅಚ್ಚಿನ ನಟ್ಟನಡುವಿನ ಮೂಲಕ ಹಾಯಬೇಕು. ಮೋಟಾರನ್ನೂ ಬದಲಿಸಿ, ಅದು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಕೂತಿತೆನ್ನಿ. 25 ಮಿಲಿಮೀಟರ್ ದೂರದ ಒಳಸುತ್ತಿನಲ್ಲಿ ಆ ಅರ್ಧ ಮಿಲಿಮೀಟರ್ ಒಂದು ಡಿಗ್ರಿಗಿಂತ ಹೆಚ್ಚಿನ ಓರೆ. 58ರ ಹೊರಸುತ್ತಿನಲ್ಲಿ ಅರ್ಧ ಡಿಗ್ರಿಯಷ್ಟೇ. ಪಕ್ಕದ ಚುಕ್ಕೆಗಳ 20 ಮೈಕ್ರಾನಿಗೆ ಇದನ್ನು ಹಚ್ಚಿದರೆ, ಮೊದಲ ಹಾಡಿನಿಂದ ಕೊನೆಯ ಹಾಡಿಗೆ ಹೋಗುವಷ್ಟರಲ್ಲಿ ಅವು 0.2 ಮೈಕ್ರಾನಿಗೂ ಹೆಚ್ಚು ಸರಿದಿರುತ್ತವೆ. ಇರಬೇಕಾದ ಒಟ್ಟು ಅಂತರವೇ 0.4 ಎಂಬುದನ್ನು ನೆನೆದರೆ, ಮೊದಲ ಹಾಡು ಚೆನ್ನಾಗಿ ಓದಿ ಕೊನೆಯ ಹಾಡಿನಲ್ಲಿ ಎಡವುವ ಪ್ಲೇಯರುಗಳ ಗುಟ್ಟು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಫಿಲಿಪ್ಸ್‌ನ ಹಳೆಯ ಯಂತ್ರಗಳು ಪಿಕಪ್ಪನ್ನು ಗ್ರಾಮಫೋನಿನ ತೋಳಿನಂತೆ ಕಮಾನಿನಲ್ಲಿ ತೂಗಿಸುತ್ತಿದ್ದವು. ಹಾಗೆ ತೂಗುವಾಗ ಕೋನ ಬದಲಾಗುತ್ತಲೇ ಇರುವುದರಿಂದ ಮೂರು ಕಿರಣದ ಉಪಾಯ ಅಲ್ಲಿ ನಡೆಯದು. ಅವು ಒಂದೇ ಕಿರಣದಿಂದ ಗೆರೆ ಹಿಡಿಯುತ್ತಿದ್ದವು.

ಎರಡನೆಯ ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿ. ಡಿಜಿಟಲ್ ಅಂದಮೇಲೆ ಒಂದು ಅಥವಾ ಸೊನ್ನೆ. ಹಾಡು ಸರಿಯಾಗಿ ಬರುತ್ತಿದ್ದರೆ ಓದು ಸರಿಯಾಗಿದೆ ಎಂದೇ ಅರ್ಥ. ಇಲ್ಲದ ರೋಗಕ್ಕೆ ಮದ್ದೇಕೆ? ಕ್ಯಾಸೆಟ್ಟಿನ ಕಾಲವನ್ನು ನೆನೆದರೆ ಉತ್ತರಕ್ಕೆ ದಾರಿ ಸಿಗುತ್ತದೆ. ಟೇಪ್ ರೆಕಾರ್ಡರಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸುತ್ತ, ತಾಳದ ಝಣ್ ಅನ್ನುವ ಸದ್ದು ಚೊಕ್ಕವಾದಲ್ಲಿ ನಿಲ್ಲಿಸುವುದು ಮನೆಮನೆಯ ವಿದ್ಯೆಯಾಗಿತ್ತು. ಅಲ್ಲಿ ಕಿವಿಯೇ ಮಾಪಕ; ತಪ್ಪಿದಷ್ಟೂ ಮಸುಕು, ಸರಿಯಾದಷ್ಟೂ ಚೊಕ್ಕ. ಸಿಡಿಯಲ್ಲಿ ಕಿವಿಗೂ ತಪ್ಪಿಗೂ ನಡುವೆ ಒಂದು ತೆರೆ ಇದೆ, ಅದನ್ನು ಇಳಿಬಿಟ್ಟವರು ಬೇಕೆಂದೇ ಇಳಿಬಿಟ್ಟರು. ಡಿಸ್ಕಿನಿಂದ ಸೆಕೆಂಡಿಗೆ 7350 ತುಣುಕುಗಳು ಬರುತ್ತವೆ. ಪ್ರತಿ ತುಣುಕಿನಲ್ಲೂ ಸಂಗೀತದ ಅಂಕಿಗಳ ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಅಂಕಿಗಳನ್ನು ರೀಡ್-ಸಾಲೊಮನ್ ಗಣಿತದ ಪ್ರಕಾರ ಎರಡು ಸುತ್ತಿನಲ್ಲಿ ಹೆಣೆದಿದ್ದಾರೆ; ಒಂದೇ ಕಡೆಯ ಅಂಕಿಗಳನ್ನು ಗೆರೆಯುದ್ದಕ್ಕೂ ಚೆದುರಿಸಿದ್ದಾರೆ. ಇದರಿಂದ ಗೆರೆಯ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದಕ್ಕೆ ಏನೂ ಓದಲಾಗದಿದ್ದರೂ ಹಾಡು ಒಂದಿಷ್ಟೂ ಊನವಿಲ್ಲದೆ ಹೊರಬರುತ್ತದೆ. ಡಿಸ್ಕಿನ ಮಾನದಂಡ ಸೆಕೆಂಡಿಗೆ 220 ತುಣುಕುಗಳವರೆಗೆ ತಪ್ಪಿರಲು ಬಿಡುತ್ತದೆ, ಅಂದರೆ ನೂರಕ್ಕೆ ಮೂರು. ಸೆಕೆಂಡಿಗೆ ಐದು ತಪ್ಪಿದ ಓದೂ ಇನ್ನೂರು ತಪ್ಪಿದ ಓದೂ ತಿದ್ದುಪಡಿಯಾದ ಮೇಲೆ ಕಿವಿಗೆ ಒಂದೇ, ಬಿಟ್ ಬಿಟ್ಟಿಗೂ ಒಂದೇ. ಹಾಗಾದರೆ ಇನ್ನೂರು ತಪ್ಪಿದರೇನಂತೆ? ಆಕ್ಷೇಪ ಮಾಡುವವರು ಮರೆಯುವುದು ಇಷ್ಟು: ತಿದ್ದುವ ಶಕ್ತಿಯ ಈ ಗಂಟು ಕೂಡಿಟ್ಟಿರುವುದು ಡಿಸ್ಕಿನ ಗೀರು, ಬೆರಳಚ್ಚು, ಧೂಳುಗಳ ಖರ್ಚಿಗೆ. ಸೊನ್ನೆ ತಪ್ಪಿದ ಪಿಕಪ್ ಗೀರಿಲ್ಲದ ಡಿಸ್ಕಿನ ಮೇಲೇ ಅದರಲ್ಲಿ ಅರ್ಧ ಖಾಲಿ ಮಾಡಿರುತ್ತದೆ. ಅಂಗಡಿಯ ಹೊಸ ಡಿಸ್ಕಿನಲ್ಲಿ ಹಾಡು ಲಕ್ಷಣವಾಗಿ ಬರುತ್ತದೆ; ಮನೆಗೆ ಒಯ್ದು ಮಕ್ಕಳು ಆಡಿದ ಡಿಸ್ಕ್ ಹಾಕಿದರೆ ಕುಂಟುತ್ತದೆ; ‘ಡಿಸ್ಕ್ ಸರಿಯಿಲ್ಲ’ ಎಂಬ ತೀರ್ಪು ಬರುತ್ತದೆ. ಎಲ್‌ಪಿ ರೆಕಾರ್ಡು ಸವೆಯುವಾಗ ಕರಕರ ಎಂದು ಮುಂಚೆಯೇ ಹೇಳುತ್ತಿತ್ತು. ಸಿಡಿ ಕಡೆಯವರೆಗೆ ಬಾಯಿ ಬಿಡುವುದಿಲ್ಲ; ತಿದ್ದುವ ಶಕ್ತಿ ಮುಗಿದ ಮರುಗಳಿಗೆ ಒಮ್ಮೆಲೇ ಕುಸಿಯುತ್ತದೆ.

ಕಿವಿ ಸುಳ್ಳು ಸಾಕ್ಷಿಯಾದರೆ ನಿಜ ಹೇಳುವವರು ಯಾರು? ತಿದ್ದುವ ಗಣಿತಕ್ಕೆ ಮುಂಚಿನ ಸಂಕೇತವನ್ನೇ ನೋಡಬೇಕು. ಬೋರ್ಡಿನ ಮೇಲೆ ಆರ್‌ಎಫ್ ಎಂದು ಗುರುತಿಸಿದ ಮೊನೆಗೆ ಆಸಿಲೋಸ್ಕೋಪಿನ ಪ್ರೋಬ್ ಸಿಕ್ಕಿಸಿ, ಪರದೆಯ ಒಂದು ಚೌಕಕ್ಕೆ ಅರ್ಧ ಮೈಕ್ರೊಸೆಕೆಂಡಿನಂತೆ ಇಟ್ಟರೆ, ಒಂದರ ಮೇಲೊಂದು ಬಿದ್ದ ನೂರಾರು ಅಲೆಗಳು ಸೇರಿ ಒಂದು ಜಾಲರಿ ಮೂಡುತ್ತದೆ. ಎತ್ತರ ಸಾಮಾನ್ಯವಾಗಿ ಒಂದು ವೋಲ್ಟಿನ ಆಸುಪಾಸು. ಜಾಲರಿಯ ನಡುವೆ ಶಂಕರಪೋಳಿ ತುಂಡಿನ ಆಕಾರದ ಖಾಲಿ ಕಣ್ಣುಗಳು. ಸಿಡಿಯ ಕುಳಿಗಳಿಗೆ ಒಂಬತ್ತೇ ಉದ್ದಗಳು, 3ಟಿಯಿಂದ 11ಟಿವರೆಗೆ. ಟಿ ಎಂದರೆ 231 ನ್ಯಾನೊಸೆಕೆಂಡು. ತೀರ ಗಿಡ್ಡ 3ಟಿ ಕುಳಿಯ ಉದ್ದ ಡಿಸ್ಕಿನ ಮೇಲೆ 0.83 ಮೈಕ್ರಾನ್, ಅದನ್ನು ಓದಬೇಕಾದ ಚುಕ್ಕೆಯ ಅರ್ಧದಷ್ಟು. ಆದ್ದರಿಂದ ಜಾಲರಿಯಲ್ಲಿ 3ಟಿಯ ಅಲೆಯೇ ಎಲ್ಲಕ್ಕಿಂತ ಕುಳ್ಳು. 11ಟಿ ಪೂರ್ತಿ ಎತ್ತರಕ್ಕೆ ಏರಿದರೆ 3ಟಿ ಅದರ ಅರ್ಧವನ್ನೂ ಮುಟ್ಟುವುದು ಕಷ್ಟ. ಫೋಕಸ್ ಒಂದು ಮೈಕ್ರಾನ್ ತಪ್ಪಿದರೆ ಮೊದಲು ಬಡವಾಗುವುದು ಈ 3ಟಿ. 11ಟಿಯ ಎತ್ತರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರುವುದಿಲ್ಲ, ಆದರೆ ಕಣ್ಣುಗಳ ಅಂಚು ಮಂಜಾಗುತ್ತದೆ, ತುದಿಗಳು ಹಿಂಜಿದ ಹತ್ತಿಯಂತಾಗುತ್ತವೆ. ಅದಕ್ಕೇ ಒಟ್ಟು ಎತ್ತರ ಗರಿಷ್ಠವಾದಲ್ಲಿ ನಿಲ್ಲಿಸುವುದು ಸಾಲದು; ಕಣ್ಣು ಚೊಕ್ಕವಾಗಿ ತೆರೆದಲ್ಲಿ ನಿಲ್ಲಿಸಬೇಕು. ಎರಡೂ ಬಿಂದುಗಳು ಹತ್ತಿರ ಹತ್ತಿರ ಇದ್ದರೂ ಒಂದೇ ಕಡೆ ಇರಬೇಕೆಂದಿಲ್ಲ. ಇದಾದ ಮೇಲೆ ಇ-ಎಫ್ ಬ್ಯಾಲೆನ್ಸು. ಟ್ರ್ಯಾಕಿಂಗ್ ಬಿಟ್ಟರೆ ಡಿಸ್ಕಿನ ನಡು ತಪ್ಪಿದ ತಿರುಗುವಿಕೆಯಿಂದಾಗಿ ಗೆರೆಗಳು ತಾವಾಗಿಯೇ ಚುಕ್ಕೆಗಳಡಿ ಹಾಯುತ್ತವೆ, ಟ್ರ್ಯಾಕಿಂಗ್ ಎರರ್ ಅಲೆಯಲೆಯಾಗಿ ಏಳುತ್ತದೆ. ಅಲೆಯ ಮೇಲ್ತುದಿಯೂ ಕೆಳತುದಿಯೂ ಆಧಾರರೇಖೆಯಿಂದ ಸಮದೂರ ಬರುವಂತೆ ಪ್ರಿಸೆಟ್ ತಿರುಗಿಸಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಫೋಕಸ್ ತಪ್ಪಿದ ಚುಕ್ಕೆಯಿಂದ ಬ್ಯಾಲೆನ್ಸ್ ಅಳೆದಂತಾಗುತ್ತದೆ. ಇದಕ್ಕೆಲ್ಲ ಅಳತೆಯ ಡಿಸ್ಕ್ ಬೇಕು. ಸೋನಿಯ ವೈಇಡಿಎಸ್-18, ಫಿಲಿಪ್ಸ್‌ನ 5 ಮತ್ತು 5ಎ ಜೋಡಿ ಇದಕ್ಕೆಂದೇ ಬಂದವು. 5 ಊನವಿಲ್ಲದ್ದು, 5ಎಯಲ್ಲಿ ಬೇಕೆಂದೇ ಕಪ್ಪು ಚುಕ್ಕೆ, ಬೆರಳಚ್ಚು, ಖಾಲಿ ಬಿಟ್ಟ ಜಾಗಗಳಿವೆ. ಒಂದು ಡಿಸ್ಕು ಸಾಲದೆ ಎರಡು ಮಾಡಿದ್ದರ ಅರ್ಥ ಸ್ಪಷ್ಟ: ಓದುತ್ತದೆಯೇ ಎಂಬುದು ಒಂದು ಪ್ರಶ್ನೆ, ಎಷ್ಟು ಉಳಿಸಿಕೊಂಡು ಓದುತ್ತದೆ ಎಂಬುದು ಬೇರೆ.

ಗೇನ್‌ಗಳ ವಿಷಯದಲ್ಲೂ ಸರಿಯಾದದ್ದು ತುದಿಯಲ್ಲಿಲ್ಲ. ಟ್ರ್ಯಾಕಿಂಗ್ ಗೇನ್ ಹೆಚ್ಚಿಸಿದರೆ ಲೆನ್ಸು ಅಲುಗಾಟಕ್ಕೆ ಜಗ್ಗದೆ ಗೆರೆಗೆ ಅಂಟಿಕೊಳ್ಳುತ್ತದೆ, ಆದರೆ ಗೀರು ಬಂದಾಗ ಅದನ್ನೇ ಗೆರೆಯೆಂದು ನಂಬಿ ಅದರ ಬೆನ್ನು ಹತ್ತುತ್ತದೆ, ಪಿಕಪ್‌ನಿಂದ ಸುಂಯ್ ಎಂಬ ಸಣ್ಣ ಸದ್ದೂ ಕೇಳಬಹುದು. ಕಡಿಮೆ ಮಾಡಿದರೆ ಗೀರನ್ನು ನಿರ್ಲಕ್ಷಿಸಿ ದಾಟುತ್ತದೆ, ಆದರೆ ಯಾರಾದರೂ ಮೇಜು ತಟ್ಟಿದರೆ ಗೆರೆ ಬಿಟ್ಟು ಹಾರುತ್ತದೆ. ಕಾರಿನ ಪ್ಲೇಯರಿಗೂ ಮನೆಯ ಡೆಕ್ಕಿಗೂ ಈ ನಡು ಬೇರೆ ಬೇರೆ.

ಈ ವಾದಕ್ಕೆ ಸೇರದಂತೆ ತೋರುವ ಪ್ರಿಸೆಟ್ ಒಂದೇ: ಪಿಕಪ್ಪಿನ ಮೈಮೇಲೆಯೇ ಇರುವ ಲೇಸರ್ ಪವರಿನದು. ಹಳೆಯ ಪ್ಲೇಯರ್ ‘ನೋ ಡಿಸ್ಕ್’ ಎಂದಾಗ ಅದನ್ನು ಚೂರು ತಿರುಗಿಸಿದರೆ ಮತ್ತೆ ಓದಲು ತೊಡಗುತ್ತದೆ ಎಂಬ ಕೈಚಳಕ ಬಹಳ ಹಳೆಯದು, ಕೆಲವೊಮ್ಮೆ ಫಲಿಸುವುದೂ ಸುಳ್ಳಲ್ಲ. ಫಲಿಸುವುದಾದರೆ ತಪ್ಪೇನು ಎನ್ನಬಹುದು. ಡಯೋಡ್ ಲೇಸರಿನ ಸ್ವಭಾವ ನೋಡಿ. ಕರೆಂಟ್ ಸುಮಾರು 40 ಮಿಲಿಆಂಪಿಯರ್ ಮುಟ್ಟುವವರೆಗೆ ಹೇಳಿಕೊಳ್ಳುವಂಥ ಬೆಳಕೇ ಇಲ್ಲ; ಆ ಹೊಸ್ತಿಲು ದಾಟಿದ ಕೂಡಲೆ ಒಂದೊಂದು ಮಿಲಿಆಂಪಿಯರಿಗೂ ಬೆಳಕು ಏಣಿ ಹತ್ತಿದಂತೆ ಏರುತ್ತದೆ. ಆದ್ದರಿಂದ ಪ್ರಿಸೆಟ್ಟಿನ ಕೂದಲೆಳೆಯ ತಿರುವೂ ದೊಡ್ಡ ಬದಲಾವಣೆ. ಬೆಳಕು ಮಿತಿ ಮೀರಿದರೆ ಡಯೋಡಿನ ಹೊರಮುಖವೇ ಅದರ ಕಾವಿಗೆ ಕ್ಷಣಾರ್ಧದಲ್ಲಿ ಸುಟ್ಟು, ಆಮೇಲೆ ಅದು ಲೇಸರ್ ಆಗಿ ಉಳಿಯುವುದಿಲ್ಲ. ಮೇಲಾಗಿ ಡಯೋಡಿನ ಹಿಂದೆ ಬೆಳಕನ್ನು ಅಳೆಯುವ ಇನ್ನೊಂದು ಫೋಟೊಡಯೋಡ್ ಇದ್ದು, ಮುಪ್ಪಾದ ಲೇಸರಿಗೆ ಬೇಕಾದಷ್ಟು ಹೆಚ್ಚು ಕರೆಂಟನ್ನು ತಾನಾಗಿಯೇ ಕೊಡಿಸುತ್ತಿರುತ್ತದೆ. ಅಂದರೆ ಇಲ್ಲೂ ಒಂದು ತೆರೆಯಿದೆ: ಡಯೋಡ್ ಸವೆಯುತ್ತಿರುವುದು ಬೆಳಕಿನಲ್ಲಿ ಕಾಣದು, ಕರೆಂಟಿನಲ್ಲಿ ಕಾಣುತ್ತದೆ. ಸೋನಿಯ ಪಿಕಪ್‌ಗಳ ಮೈಮೇಲಿನ ಚೀಟಿಯಲ್ಲಿ ಆ ಪಿಕಪ್ ಹೊಸದಿದ್ದಾಗಿನ ಕರೆಂಟನ್ನು ಅಚ್ಚು ಹಾಕಿರುವುದು ಇದಕ್ಕೇ. 485 ಎಂದಿದ್ದರೆ 48.5 ಮಿಲಿಆಂಪಿಯರ್. ದಾರಿಯಲ್ಲಿ 22 ಓಮ್‌ನ ರೆಸಿಸ್ಟರ್ ಇದ್ದರೆ ಅದರ ಎರಡು ಕಾಲುಗಳ ನಡುವೆ 1.07 ವೋಲ್ಟ್ ಕಾಣಬೇಕು. ಅದಕ್ಕಿಂತ ಬಹಳ ಹೆಚ್ಚು ಕಂಡರೆ ಲೇಸರ್ ಮುಗಿಯುತ್ತ ಬಂದಿದೆ. ಪವರ್ ಏರಿಸುವುದೆಂದರೆ ಉಳಿದ ಎಣ್ಣೆಯನ್ನು ಒಂದೇ ರಾತ್ರಿ ಉರಿಸುವುದು. ಕರೆಂಟ್ ಸರಿಯಿದ್ದೂ ಓದದಿದ್ದರೆ ಲೇಸರಿನ ತಪ್ಪಲ್ಲ: ಧೂಳೋ, ಜಾರುಕಂಬಿಯ ಮೇಲೆ ಒಣಗಿದ ಗ್ರೀಸೋ, ಸವೆದ ಮೋಟಾರೋ ಇರಬೇಕು. ಎರಡರಲ್ಲಿ ಯಾವ ಕಡೆಯಿಂದ ನೋಡಿದರೂ ಆ ಪ್ರಿಸೆಟ್ ಮುಟ್ಟಲು ಕಾರಣ ಸಿಗುವುದಿಲ್ಲ. ಹೊಸ ಪಿಕಪ್ಪಿನ ಮೇಲೆ ಬೆಸುಗೆಯ ಒಂದು ತೊಟ್ಟು ಡಯೋಡಿನ ಕಾಲುಗಳನ್ನು ಸೇರಿಸಿರುವುದೂ ಇಂಥದೇ ಭಯಕ್ಕೆ, ಬೆರಳಿನ ಸ್ಥಾಯೀ ವಿದ್ಯುತ್ತು ಡಯೋಡನ್ನು ಕೊಲ್ಲಬಲ್ಲದು. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲಷ್ಟೇ ಆ ತೊಟ್ಟನ್ನು ತೆಗೆಯಬೇಕು. ತೆಗೆಯಲು ಮರೆತರೆ ಲೇಸರ್ ಬೆಳಗುವುದೇ ಇಲ್ಲ, ಹೊಸ ಪಿಕಪ್ಪೂ ಕೆಟ್ಟಿದೆ ಎಂದು ಎಸೆಯುವವರುಂಟು. ಬೆಳಗುತ್ತಿದೆಯೇ ಎಂದು ಲೆನ್ಸಿನೊಳಗೆ ಇಣುಕುವುದು ಮಾತ್ರ ಬೇಡವೇ ಬೇಡ. 780 ನ್ಯಾನೊಮೀಟರಿನ ಬೆಳಕು ಕಣ್ಣಿಗೆ ಮಿಣುಕು ಕೆಂಪಾಗಿ ಕಾಣುವುದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ.

ಆಸಿಲೋಸ್ಕೋಪ್ ಇಲ್ಲದವರ ಗತಿಯೇನು ಎಂಬುದು ನ್ಯಾಯವಾದ ಪ್ರಶ್ನೆ. ಎಲ್ಲ ಮೇಜಿನ ಮೇಲೂ ಅದು ಇರುವುದಿಲ್ಲ. ಅಂಥವರಿಗೂ ಒಂದು ದಾರಿ ಉಂಟು, ಅದು ಈ ವಾದಕ್ಕೆ ಪುಷ್ಟಿಯನ್ನೇ ಕೊಡುತ್ತದೆ. ಪ್ರಿಸೆಟ್ಟಿನ ಹಳೆಯ ಜಾಗಕ್ಕೆ ಗುರುತು ಹಾಕಿಕೊಂಡು, ಗೀರು ಬಿದ್ದ ಡಿಸ್ಕನ್ನು ಓಡಿಸುತ್ತ, ಹಾಡು ಕುಂಟುವವರೆಗೆ ಒಂದು ಕಡೆಗೆ ಮೆಲ್ಲಗೆ ತಿರುಗಿಸಿ, ಅಲ್ಲೊಂದು ಗುರುತು. ಆಮೇಲೆ ಇನ್ನೊಂದು ಕಡೆಗೆ ಕುಂಟುವವರೆಗೆ, ಅಲ್ಲೂ ಗುರುತು. ಎರಡರ ನಡುವೆ ನಿಲ್ಲಿಸಿ. ಹಾಡು ಚೆನ್ನಾಗಿದೆ ಎಂಬ ಮಾತನ್ನು ಇಲ್ಲಿ ಎಲ್ಲೂ ನಂಬಿಲ್ಲ; ಹಾಡು ಕೆಟ್ಟಿತು ಎಂಬ ಮಾತನ್ನಷ್ಟೇ ಎರಡು ಸಲ ಕೇಳಿಸಿಕೊಂಡಿದ್ದೇವೆ. ಕಿವಿ ಆಧಾರವಾಗಬಲ್ಲದ್ದು ಆ ಎರಡು ಅಂಚುಗಳಲ್ಲಿ ಮಾತ್ರ. ಇದು ಪೂರ್ತಿ ಸರಿಯಾದ ವಿಧಾನವಲ್ಲ ನಿಜ. ಎರಡೂ ಕಡೆಯ ಇಳಿಜಾರು ಒಂದೇ ಸಮ ಇಲ್ಲದಿದ್ದರೆ ಅಂಚುಗಳ ನಡು ಒಳ್ಳೆಯ ಓದಿನ ನಡುವಾಗಬೇಕಿಲ್ಲ. ಆದರೂ ಹಳೆಯ ಪಿಕಪ್‌ನ ವಿಳಾಸವನ್ನು ಹಾಗೇ ಬಿಡುವುದಕ್ಕಿಂತ ಎಷ್ಟೋ ವಾಸಿ.

ಕೊನೆಯ ಆಕ್ಷೇಪವನ್ನು ಕಾಲವೇ ತಂದಿತು. 1990ರ ದಶಕ ಮುಂದುವರಿದಂತೆ ಬೋರ್ಡುಗಳಿಂದ ಪ್ರಿಸೆಟ್‌ಗಳು ಒಂದೊಂದಾಗಿ ಮಾಯವಾದವು. ಡಿಜಿಟಲ್ ಸರ್ವೊ ಚಿಪ್ಪುಗಳು ಆಫ್‌ಸೆಟ್, ಬ್ಯಾಲೆನ್ಸ್, ಗೇನ್‌ಗಳನ್ನು ತಾವೇ ಹೊಂದಿಸಿಕೊಳ್ಳತೊಡಗಿದವು. ಇಂಥ ಯಂತ್ರದಲ್ಲಿ ಪಿಕಪ್ ಬದಲಿಸಿದವರು ನಿಜಕ್ಕೂ ಮುಚ್ಚಳ ಮುಚ್ಚಿ ಕೊಡಬಹುದು, ಅದನ್ನು ಒಪ್ಪಬೇಕು. ಒಪ್ಪದೆ ಉಳಿಯುವುದು ಚಿಪ್ಪಿನ ಕೈಗೆ ಸಿಗದ ಸಂಗತಿಗಳು: ಡಿಸ್ಕ್ ಕೂರುವ ಬಿಲ್ಲೆಯ ಎತ್ತರ, ಮೋಟಾರಿನ ಅಚ್ಚಿನ ಜಾಗ, ಪಿಕಪ್ ಡಿಸ್ಕಿಗೆ ನೆಟ್ಟಗೆ ನೋಡುತ್ತಿದೆಯೇ ಓರೆಯೇ ಎಂಬುದು. ಓರೆಯಾದ ಕಿರಣ ಡಿಸ್ಕಿನ ಪ್ಲಾಸ್ಟಿಕ್ಕನ್ನು ಹಾಯುವಾಗ ಚುಕ್ಕೆಗೆ ಧೂಮಕೇತುವಿನಂತೆ ಬಾಲ ಬರುತ್ತದೆ. ಎಷ್ಟು ಬಾಲ ಎಂಬುದು ಪ್ಲಾಸ್ಟಿಕ್ಕಿನ ದಪ್ಪಕ್ಕೆ ತಕ್ಕಂತೆ, ಲೆನ್ಸಿನ ತೆರವಿನ (ನ್ಯೂಮೆರಿಕಲ್ ಅಪರ್ಚರ್) ಘನಕ್ಕೆ ತಕ್ಕಂತೆ ಏರುತ್ತದೆ, ಅಲೆಯುದ್ದ ಕುಗ್ಗಿದಷ್ಟೂ ಹೆಚ್ಚುತ್ತದೆ. ಸಿಡಿಯಲ್ಲಿ ದಪ್ಪ 1.2 ಮಿಲಿಮೀಟರ್, ತೆರವು 0.45. ಡಿವಿಡಿಗೆ ತೆರವನ್ನು 0.6ಕ್ಕೆ ಏರಿಸಿ, ಅಲೆಯುದ್ದವನ್ನು 650ಕ್ಕೆ ಇಳಿಸಿದರು. ದಪ್ಪವನ್ನು ಮೊದಲಿನಂತೆಯೇ ಬಿಟ್ಟಿದ್ದರೆ ಓರೆಯ ಕಾಟ ಸಿಡಿಯ ಮೂರು ಪಟ್ಟಿನ ಹತ್ತಿರ ಹೋಗುತ್ತಿತ್ತು. ಅದಕ್ಕೆ ದಪ್ಪವನ್ನು ಅರ್ಧ ಮಾಡಿದರು. ಬ್ಲೂ-ರೇಯಲ್ಲಿ ತೆರವು 0.85, ಅಲೆಯುದ್ದ ಇನ್ನೂ ಕಿರಿದು, ದಪ್ಪ ಬರೀ 0.1, ಲೆಕ್ಕ ಹಾಕಿದರೆ ಓರೆಯ ಕಾಟ ಮತ್ತೆ ಹೆಚ್ಚುಕಡಿಮೆ ಸಿಡಿಯಷ್ಟಕ್ಕೇ ಬಂದು ನಿಲ್ಲುತ್ತದೆ. ಮೂರು ತಲೆಮಾರಿನ ಎಂಜಿನಿಯರುಗಳು ಉಳಿತಾಯದ ಈ ಗಂಟನ್ನು ಹೀಗೆ ಎಣಿಸಿ ಎಣಿಸಿ ಇಟ್ಟಿದ್ದಾರೆ.

ಚಿಪ್ಪುಗಳು ತಾವೇ ಮಾಡುವ ಕೆಲಸವೂ ಬೇರೆಯದಲ್ಲ. ಟ್ರೇ ಒಳಗೆ ಹೋದ ಮೇಲೆ ಹಾಡುಗಳ ಸಂಖ್ಯೆ ಕಾಣುವವರೆಗಿನ ಎರಡು ಮೂರು ಸೆಕೆಂಡಿನಲ್ಲಿ ಲೆನ್ಸು ಒಂದೆರಡು ಸಲ ಮೇಲೆ ಕೆಳಗೆ ಆಡುತ್ತದೆ. ಆಗ ಚಿಪ್ಪು ಕತ್ತಲಲ್ಲಿ ನಾಲ್ಕು ಮನೆಗಳ ಓರೆ ಅಳೆದಿರುತ್ತದೆ, ಫೋಕಸ್ ಹಾಯುವ ಹತ್ತಿಪ್ಪತ್ತು ಮೈಕ್ರಾನಿನ ಕಿರುದಾರಿಯ ಎರಡು ತುದಿಗಳನ್ನು ನೋಡಿರುತ್ತದೆ, ಗೆರೆಗಳನ್ನು ಅಡ್ಡ ಹಾಯಲು ಬಿಟ್ಟು ಇ ಮತ್ತು ಎಫ್‌ಗಳ ಅಲೆಯನ್ನು ಸರಿದೂಗಿಸಿರುತ್ತದೆ. ಟ್ರೇ ಹೊರಗೆ ಬಂದರೆ ಆ ಲೆಕ್ಕಕ್ಕೆ ಬೆಲೆ ಇಲ್ಲ, ಮುಂದಿನ ಡಿಸ್ಕಿಗೆ ಮತ್ತೆ ಮೊದಲಿನಿಂದ. ಹಳೆಯ ಯಂತ್ರಗಳಲ್ಲಿ ಅದೇ ಲೆಕ್ಕವನ್ನು ಒಬ್ಬರು ಒಂದು ಸಲ ಮಾಡಿ, ಪ್ರಿಸೆಟ್ಟಿನ ತಲೆ ಕದಲದಂತೆ ಒಂದು ತೊಟ್ಟು ಬಣ್ಣ ಮೆತ್ತಿ ಕಳಿಸುತ್ತಿದ್ದರು. ಪಿಕಪ್ ಬದಲಾದ ದಿನ ಕೆರೆದು ತೆಗೆಯಬೇಕಾದದ್ದು ಆ ಬಣ್ಣವನ್ನು.